ಹಾಡು ತರುವುದು ಫೋನೋ, ಡಬ್ಬವೋ? ಮನೆಯಲ್ಲಿ ಲಾಸ್‌ಲೆಸ್ ಕೇಳಲು ಇರುವ ದಾರಿಗಳು

ಲಾಸ್‌ಲೆಸ್ (ಹಾಡಿನಲ್ಲಿ ಏನೂ ಕಳೆಯದೆ ಕೊಡುವ) ಪ್ಲಾನ್‌ಗೆ ದುಡ್ಡು ಕಟ್ಟಿ, ಆಪ್‌ನಲ್ಲಿ ಅದನ್ನು ಆನ್ ಮಾಡಿ, ಆಮೇಲೆ ಹಾಲ್‌ನ ಸ್ಪೀಕರ್‌ಗೆ ಬ್ಲೂಟೂತ್‌ನಲ್ಲಿ ಹಾಡು ಕಳಿಸುವವರು ನಮ್ಮ ತುಮಕೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಸರ್ವರ್‌ನಿಂದ ಫೋನಿನವರೆಗೆ ಹಾಡು ಪೂರ್ತಿಯಾಗಿ ಬಂದಿರುತ್ತದೆ. ಫೋನಿನಿಂದ ಸ್ಪೀಕರ್‌ಗೆ ಹೋಗುವ ಆ ಹತ್ತು ಅಡಿಯಲ್ಲಿ ಅದಕ್ಕೆ ಕತ್ತರಿ ಬೀಳುತ್ತದೆ. ತಿಂಗಳ ದುಡ್ಡು ಮಾತ್ರ ಪೂರ್ತಿ ಹೋಗುತ್ತಿರುತ್ತದೆ.

ಅಂಗಡಿಯಲ್ಲಿ ಕೇಳಿದರೆ "ಹೈ-ರೆಸ್ ಸಪೋರ್ಟ್ ಇದೆ ಸಾರ್" ಅನ್ನುತ್ತಾರೆ. ಹೈ-ರೆಸ್ ಅಂದರೆ ಸಿಡಿಗಿಂತ ಮೇಲಿನ ಮಟ್ಟ. ಡಬ್ಬದ ಮೇಲೆ 24 ಬಿಟ್, 192 ಕಿಲೋಹರ್ಟ್ಜ್ ಅಂತ ಸ್ಟಿಕ್ಕರ್ ಕೂಡ ಅಂಟಿಸಿರುತ್ತಾರೆ. ಅದು ಸುಳ್ಳಲ್ಲ. ಆದರೆ ಹಾಡು ಯಾವ ದಾರಿಯಲ್ಲಿ ಬಂದರೆ ಆ ಅಂಕಿ ನಿಜವಾಗುತ್ತದೆ ಅಂತ ಸ್ಟಿಕ್ಕರ್ ಹೇಳುವುದಿಲ್ಲ. ಹಾಗಾಗಿ ಇಲ್ಲಿ ಮಾಡೆಲ್‌ಗಳಿಗಿಂತ ದಾರಿಗಳನ್ನೇ ಹೋಲಿಸಿ ನೋಡೋಣ. ಎಲ್ಲ ಕಡೆ ಕೇಳಬೇಕಾದ ಪ್ರಶ್ನೆ ಒಂದೇ. ಇಂಟರ್ನೆಟ್‌ನಿಂದ ಹಾಡನ್ನು ಎಳೆದುಕೊಳ್ಳುವುದು ಯಾರು, ನಿಮ್ಮ ಫೋನೋ, ಸ್ಪೀಕರ್ ಪಕ್ಕದ ಡಬ್ಬವೋ? ಡಬ್ಬವೇ ಎಳೆದುಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಅಂಕಿಗಳ ವಿಷಯ, ಬೇಗ ಮುಗಿಸೋಣ

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ ಲೆಕ್ಕ 16 ಬಿಟ್, 44.1 ಕಿಲೋಹರ್ಟ್ಜ್. ಸೆಕೆಂಡಿಗೆ 44,100 ಸಲ, ಸಲಕ್ಕೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್. ಇದರಲ್ಲಿ ಒಂದು ಬಿಟ್ಟೂ ಕಳೆಯದ ಹಾಗೆ ಮಡಚಿಡುವ ವಿಧಾನಗಳೇ ಫ್ಲ್ಯಾಕ್ ಮತ್ತು ಆಪಲ್‌ನ ಅಲ್ಯಾಕ್. ಎಂಪಿ3, ಎಎಸಿ, ವೊರ್ಬಿಸ್ ಹಾಗಲ್ಲ. ಕಿವಿಗೆ ಗೊತ್ತಾಗುವುದಿಲ್ಲ ಅಂತ ತಾವು ಅಂದುಕೊಂಡದ್ದನ್ನು ಕಿತ್ತು ಬಿಸಾಕುತ್ತವೆ.

ಮನುಷ್ಯರ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಜ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. 44.1ರಲ್ಲಿ 22 ಕಿಲೋಹರ್ಟ್ಜ್‌ವರೆಗಿನ ನಾದ ಆರಾಮಾಗಿ ಕೂರುತ್ತದೆ. ಆದ್ದರಿಂದ ಸಿಡಿ ಮಟ್ಟದ ಲಾಸ್‌ಲೆಸ್ ಮನೆಯ ಎಲ್ಲ ಕೋಣೆಗೂ ತೊಂದರೆ ಇಲ್ಲದೆ ತಲುಪಿದರೆ ಸಾಕು ಅನ್ನೋದು ನನ್ನ ಅಭಿಪ್ರಾಯ. 192ರ ಹಿಂದೆ ಓಡುವುದು ಹವ್ಯಾಸ. ತಪ್ಪೇನಲ್ಲ, ಆದರೆ ಅದಕ್ಕಾಗಿ ವೈಫೈ ಕೆಡಿಸಿಕೊಳ್ಳಬೇಡಿ.

ಡೇಟಾ ಲೆಕ್ಕ ಮಾತ್ರ ಗೊತ್ತಿರಲಿ. ಆಪಲ್ ಕೊಡುವ ಅಂದಾಜಿನ ಪ್ರಕಾರ 3 ನಿಮಿಷದ ಹಾಡು ಮಾಮೂಲಿ 256 ಕಿಲೋಬಿಟ್‌ನಲ್ಲಿ 6 ಎಂಬಿ. 24 ಬಿಟ್, 48 ಕಿಲೋಹರ್ಟ್ಜ್ ಲಾಸ್‌ಲೆಸ್‌ನಲ್ಲಿ 36 ಎಂಬಿ. 24 ಬಿಟ್, 192ರಲ್ಲಿ 145 ಎಂಬಿ. ದಿನಕ್ಕೆ 1.5 ಜಿಬಿ ಮೊಬೈಲ್ ಪ್ಯಾಕ್ ಇದ್ದರೆ ಹೈ-ರೆಸ್‌ನಲ್ಲಿ ಹತ್ತು ಹಾಡಿಗೆ ಆ ದಿನದ ಕೋಟಾ ಖಾಲಿ. 40 ನಿಮಿಷದ ಒಂದು ರಾಗ-ತಾನ-ಪಲ್ಲವಿಗೆ ಮಧ್ಯದ ದರದಲ್ಲೇ 480 ಎಂಬಿ ಹೋಗುತ್ತದೆ. ಮನೆಗೆ ಫೈಬರ್ ಬಂದಿದ್ದರೆ ಇದು ಲೆಕ್ಕಕ್ಕೇ ಇಲ್ಲ. ಹಾಟ್‌ಸ್ಪಾಟ್‌ನಲ್ಲಿ ಓಡಿಸುವವರು ಯೋಚನೆ ಮಾಡಿ.

ಯಾವ ಆಪ್

ನಮ್ಮಲ್ಲಿ ಆಯ್ಕೆ ಕಡಿಮೆ. ಹೊರದೇಶದವರು ಹೊಗಳುವ ಟೈಡಲ್, ಕೋಬಜ್ ಭಾರತದಲ್ಲಿ ಅಧಿಕೃತವಾಗಿ ಇಲ್ಲ. ಯೂಟ್ಯೂಬ್ ಮ್ಯೂಸಿಕ್ 256 ಕಿಲೋಬಿಟ್‌ಗೆ ನಿಲ್ಲುತ್ತದೆ, ಜಿಯೋಸಾವನ್ 320ಕ್ಕೆ. ಇವೆರಡರಲ್ಲಿ ಕನ್ನಡದ ಹಳೆ ಹಾಡು ಜಾಸ್ತಿ ಸಿಗುತ್ತವೆ ಅನ್ನೋದು ನಿಜ, ಆದರೆ ಲಾಸ್‌ಲೆಸ್ ಇಲ್ಲ. ಉಳಿಯುವುದು ಮುಖ್ಯವಾಗಿ ಎರಡು.

ಆಪಲ್ ಮ್ಯೂಸಿಕ್ 2021ರಿಂದ ಲಾಸ್‌ಲೆಸ್ ಕೊಡುತ್ತಿದೆ, ಅದಕ್ಕೆ ಬೇರೆ ದುಡ್ಡಿಲ್ಲ. 24 ಬಿಟ್, 192ರವರೆಗೂ ಹೋಗುತ್ತದೆ. ಸ್ಪಾಟಿಫೈ 2021ರ ಫೆಬ್ರವರಿಯಲ್ಲಿ ಘೋಷಿಸಿ, ಜನ ಕಾದು ಕಾದು ಸುಸ್ತಾದ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಕೊಟ್ಟಿತು. ಅಲ್ಲಿ ಮಿತಿ 24 ಬಿಟ್, 44.1 ಕಿಲೋಹರ್ಟ್ಜ್. ಭಾರತದಲ್ಲಿ ಪ್ಲಾನ್‌ಗಳನ್ನು ಲೈಟ್, ಸ್ಟ್ಯಾಂಡರ್ಡ್, ಪ್ಲಾಟಿನಂ ಅಂತ ಒಡೆದಿದ್ದಾರೆ. ಲಾಸ್‌ಲೆಸ್ ಇರುವುದು ಪ್ಲಾಟಿನಂನಲ್ಲಿ ಮಾತ್ರ. "ನಂದು ಪ್ರೀಮಿಯಂ, ಆದರೂ ಲಾಸ್‌ಲೆಸ್ ಕಾಣ್ತಿಲ್ಲ" ಅನ್ನುವವರು ಮೊದಲು ಪ್ಲಾನ್‌ನ ಹೆಸರು ನೋಡಿಕೊಳ್ಳಿ.

ಎರಡರಲ್ಲೂ ಅದು ತಾನಾಗಿ ಆನ್ ಆಗಿರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಕ್ವಾಲಿಟಿ ಅನ್ನೋ ಕಡೆ ಹೋಗಿ ವೈಫೈ, ಮೊಬೈಲ್ ಡೇಟಾ, ಡೌನ್‌ಲೋಡ್ ಮೂರಕ್ಕೂ ಬೇರೆ ಬೇರೆಯಾಗಿ ಆರಿಸಬೇಕು. ಸ್ಪಾಟಿಫೈನಲ್ಲಂತೂ ಒಂದೊಂದು ಫೋನ್, ಒಂದೊಂದು ಲ್ಯಾಪ್‌ಟಾಪ್‌ನಲ್ಲೂ ಮತ್ತೆ ಹೋಗಿ ಆರಿಸಬೇಕು.

ಒಂದು ಎಚ್ಚರಿಕೆ. ಲಾಸ್‌ಲೆಸ್ ಅನ್ನೋದು ಫೈಲ್‌ನ ಗುಣ, ರೆಕಾರ್ಡಿಂಗ್‌ನ ಗುಣ ಅಲ್ಲ. ಸವೆದ ಕ್ಯಾಸೆಟ್‌ನಿಂದ ಎತ್ತಿದ ಹಳೆ ಹಾಡನ್ನು ಲಾಸ್‌ಲೆಸ್‌ನಲ್ಲಿ ಕೊಟ್ಟರೆ, ಆ ಸವಕಲು ಸದ್ದು ಒಂದು ಬಿಟ್ಟೂ ಕಳೆಯದೆ ನಿಮ್ಮ ಮನೆಗೆ ಬರುತ್ತದೆ ಅಷ್ಟೇ. ಸೆಟ್ಟಪ್ ಪರೀಕ್ಷೆ ಮಾಡುವಾಗ ಚೆನ್ನಾಗಿ ರೆಕಾರ್ಡ್ ಆದ ವೀಣೆಯನ್ನೋ, ಒಬ್ಬರೇ ಹಾಡಿದ ಭಾವಗೀತೆಯನ್ನೋ ಇಟ್ಟುಕೊಳ್ಳಿ.

ಬ್ಲೂಟೂತ್: ಅನುಕೂಲಕ್ಕೆ ಸರಿ, ಇದಕ್ಕಲ್ಲ

ಎಲ್ಲ ಬ್ಲೂಟೂತ್ ಸ್ಪೀಕರ್‌ಗೂ ಗೊತ್ತಿರುವ ಎಸ್‌ಬಿಸಿ ಅನ್ನೋ ಮಡಚುವ ವಿಧಾನ ಸಾಮಾನ್ಯವಾಗಿ 328 ಕಿಲೋಬಿಟ್ ಆಸುಪಾಸಿನದು. ಐಫೋನ್ ಅದರ ಮೇಲೆ ಎಎಸಿ ಬಿಟ್ಟರೆ ಬೇರೆ ಮಾತಾಡುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಎಲ್‌ಡ್ಯಾಕ್ ಅನ್ನೋ ವಿಧಾನ ಇದ್ದರೆ 990 ಕಿಲೋಬಿಟ್‌ವರೆಗೆ ಹೋಗಬಹುದು. ಆದರೆ ಅದೂ ಲಾಸ್‌ಲೆಸ್ ಅಲ್ಲ, ಮೇಲಾಗಿ ಸಿಗ್ನಲ್ ಸ್ವಲ್ಪ ಕುಂದಿದರೆ 660ಕ್ಕೋ 330ಕ್ಕೋ ಇಳಿಯುತ್ತದೆ. ಫೋನ್ ಕರೆ ಬಂದರೆ ಹಾಡು ನಿಲ್ಲುವುದು, ಫೋನ್ ಹಿಡಿದು ಮಹಡಿ ಹತ್ತಿದರೆ ಕಟ್ ಆಗುವುದು ಬೇರೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗ ಕೇಳೋದಕ್ಕೆ ಬ್ಲೂಟೂತ್ ಧಾರಾಳವಾಗಿ ಸಾಕು. ಅಲ್ಲಿ ಲಾಸ್‌ಲೆಸ್‌ಗೆ ದುಡ್ಡು ಹಾಕುವುದು ದಂಡ.

ಏರ್‌ಪ್ಲೇ: ಇಲ್ಲೇ ಜನ ಎಡವುವುದು

ಶಿರಾ ಗೇಟ್ ಕಡೆ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದಾರೆ. ಒಳ್ಳೆ ಹಳೆ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್, ಮಗಳು ಕೊಡಿಸಿದ ಐಫೋನ್. ಆಂಪ್ಲಿಫೈಯರ್‌ಗೆ ಒಂದು ಏರ್‌ಪ್ಲೇ (ವೈಫೈನಲ್ಲಿ ಹಾಡು ಕಳಿಸುವ ಆಪಲ್‌ನ ವಿಧಾನ) ಡಬ್ಬ ಹಾಕಿಸಿಕೊಂಡಿದ್ದರು. "ಏನಪ್ಪಾ, ಆಲ್ಬಂ ಪುಟದಲ್ಲೇ ಲಾಸ್‌ಲೆಸ್ ಅಂತ ಬರೆದಿದೆ. ಮತ್ತೆ ಇನ್ನೇನು ನಿನ್ನ ತಕರಾರು?" ಅಂದರು. "ಮೇಷ್ಟ್ರೇ, ಅದು ಅಂಗಡಿಯಲ್ಲಿ ಏನಿದೆ ಅಂತ ಹೇಳುತ್ತೆ. ಮನೆಗೆ ಏನು ಬಂತು ಅಂತ ಹೇಳಲ್ಲ" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಡಬ್ಬದ ಆಪ್ ತೆರೆದು, ಈಗ ಒಳಗೆ ಬರುತ್ತಿರುವುದು ಏನು ಅಂತ ತೋರಿಸುವ ಸಾಲನ್ನು ಮುಟ್ಟಿ ತೋರಿಸಿದೆ. ಹಾಡು 96 ಕಿಲೋಹರ್ಟ್ಜ್‌ನದು, ಅಲ್ಲಿ ಇದ್ದದ್ದು 44.1. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದರು.

ಆಗುವುದು ಇಷ್ಟು. ಏರ್‌ಪ್ಲೇಯಲ್ಲಿ ಹೈ-ರೆಸ್ ಹೋಗುವುದೇ ಇಲ್ಲ, ಹೆಚ್ಚೆಂದರೆ ಸಿಡಿ ಮಟ್ಟ. ಬೇರೆ ಕಂಪನಿಗಳ ಡಬ್ಬಗಳಿಗೆ ಐಫೋನಿನ ಆಪಲ್ ಮ್ಯೂಸಿಕ್ ಏರ್‌ಪ್ಲೇ 2ರಲ್ಲಿ ಹಾಡು ಕಳಿಸುವಾಗ ಹಲವು ಸಲ ಆ ಸಿಡಿ ಮಟ್ಟವೂ ಉಳಿಯುವುದಿಲ್ಲ. 256 ಕಿಲೋಬಿಟ್ ಎಎಸಿಯೇ ಹೋಗುತ್ತದೆ. ಡಬ್ಬ ಅದನ್ನು ಬಿಚ್ಚಿ 44.1 ಅಂತ ತೋರಿಸುತ್ತದೆ, ನಾವು ಸಿಡಿ ಅಂದುಕೊಳ್ಳುತ್ತೇವೆ.

ಹಾಗಾದರೆ ಏರ್‌ಪ್ಲೇ ಬೇಡವಾ? ಬೇಡ ಅನ್ನಲ್ಲ. ಅದರಷ್ಟು ಸಲೀಸಾದದ್ದು ಇನ್ನೊಂದಿಲ್ಲ, ಬೇರೆ ಬೇರೆ ಕಂಪನಿಯ ಸ್ಪೀಕರ್‌ಗಳನ್ನು ಒಟ್ಟಿಗೆ ಹಾಡಿಸುತ್ತದೆ, 256 ಎಎಸಿ ಕಿವಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಲಾಸ್‌ಲೆಸ್ ಬೇಕು ಅಂತಲೇ ಹೊರಟವರಿಗೆ ಇದು ಗ್ಯಾರಂಟಿ ಇಲ್ಲದ ದಾರಿ. ಆಪಲ್‌ನದೇ ಹೋಮ್‌ಪಾಡ್ ಆದರೆ ಕಥೆ ಬೇರೆ. ಅದು ಹಾಡನ್ನು ತಾನೇ ಎಳೆದುಕೊಳ್ಳುತ್ತದೆ, ಲಾಸ್‌ಲೆಸ್ ಕೂಡ ಬರುತ್ತದೆ. ಆದರೆ ಅದನ್ನು ನಿಮ್ಮ ಹಳೆ ಆಂಪ್ಲಿಫೈಯರ್‌ಗೆ ಜೋಡಿಸಲು ತೂತೇ ಇಲ್ಲ. ಆಪಲ್ ಟಿವಿ 4ಕೆ ಎಚ್‌ಡಿಎಂಐ ಇರುವ ಆಂಪ್ಲಿಫೈಯರ್‌ಗೆ ಸೇರುತ್ತದೆ, ಲಾಸ್‌ಲೆಸ್ ಕೊಡುತ್ತದೆ, ಆದರೆ 48 ಕಿಲೋಹರ್ಟ್ಜ್ ದಾಟುವುದಿಲ್ಲ. ಟಿವಿಗೆ ಹೇಗೂ ಒಂದು ಬೇಕಿತ್ತು ಅನ್ನುವವರಿಗೆ ಅದು ಒಳ್ಳೆ ಎರಡು-ಕೆಲಸದ ಡಬ್ಬ.

ತಂತಿ: ಕಡಿಮೆ ದುಡ್ಡಿಗೆ ನಿಜವಾದ ಲಾಸ್‌ಲೆಸ್

ಆಪಲ್ ಮ್ಯೂಸಿಕ್ ಇದೆ, ಒಂದೇ ಆಂಪ್ಲಿಫೈಯರ್ ಇದೆ ಅಂದರೆ ಹೊಸ ಡಬ್ಬ ಯಾಕೆ? ಆಪಲ್‌ನ ಆ ಪುಟ್ಟ ಬಿಳಿ ಯುಎಸ್‌ಬಿ-ಸಿ ಹೆಡ್‌ಫೋನ್ ಅಡಾಪ್ಟರ್ ಕೂಡ ಒಂದು ಡ್ಯಾಕ್‌ ತಾನೇ, ಅಂದರೆ ಡಿಜಿಟಲ್ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಅರ್ಥವಾಗುವ ಸಿಗ್ನಲ್ ಮಾಡುವ ಸಾಧನ. 24 ಬಿಟ್, 48 ಕಿಲೋಹರ್ಟ್ಜ್‌ವರೆಗೆ ಕೊಡುತ್ತದೆ. ಅದರಿಂದ 3.5 ಎಂಎಂ ಪಿನ್, ಇನ್ನೊಂದು ತುದಿಗೆ ಕೆಂಪು-ಬಿಳಿ ಆರ್‌ಸಿಎ ಪಿನ್ ಇರುವ ಕೇಬಲ್, ನೇರ ಆಂಪ್ಲಿಫೈಯರ್‌ನ ಆಕ್ಸ್‌ಗೆ. ಕೇಬಲ್ ಎಂಜಿ ರೋಡಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ, ಅದಕ್ಕಾಗಿ ಬೆಂಗಳೂರಿನ ಎಸ್‌ಪಿ ರೋಡಿಗೆ ಎಪ್ಪತ್ತು ಕಿಲೋಮೀಟರ್ ಹೋಗಬೇಕಿಲ್ಲ. 48ಕ್ಕಿಂತ ಮೇಲೆ ಬೇಕಾದರೆ ದೊಡ್ಡ ಯುಎಸ್‌ಬಿ ಡ್ಯಾಕ್ ತಗೊಳ್ಳಿ. 2023ರ ಐಫೋನ್ 15ರಿಂದ ಈಚೆಗೆ ನೇರ ಸಿಕ್ಕಿಸಬಹುದು.

ಆಂಡ್ರಾಯ್ಡ್‌ನವರಿಗೆ ಎರಡು ಮಾತು. ಆಪಲ್‌ನ ಆ ಅಡಾಪ್ಟರ್ ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಣ್ಣ ಸದ್ದು ಕೊಡುತ್ತದೆ, ಹಾಗಾಗಿ ಬೇರೆ ಡ್ಯಾಕ್ ನೋಡಿ. ಎರಡನೆಯದು, ಆಂಡ್ರಾಯ್ಡ್ ಸಾಮಾನ್ಯವಾಗಿ ಎಲ್ಲ ಸದ್ದನ್ನೂ 48 ಕಿಲೋಹರ್ಟ್ಜ್‌ಗೆ ಬದಲಿಸಿ ಕಳಿಸುತ್ತದೆ. ಇದನ್ನು ತಪ್ಪಿಸಿ ಬಿಟ್‌ಗೆ ಬಿಟ್ ಕಳಿಸುವ ಸೌಲಭ್ಯ ಆಂಡ್ರಾಯ್ಡ್ 14ರಲ್ಲಿ ಬಂದಿದೆ, ಆಪ್ ಅದನ್ನು ಬಳಸಿಕೊಳ್ಳಬೇಕು ಅಷ್ಟೇ. ಮ್ಯಾಕ್‌ನಲ್ಲಿ ಕೇಳುವವರು ಆಡಿಯೋ ಮಿಡಿ ಸೆಟಪ್ ತೆರೆದು ನೋಡಿ. ಅಲ್ಲಿ ಇಟ್ಟ ದರಕ್ಕೇ ಎಲ್ಲ ಹಾಡೂ ಬದಲಾಗಿ ಹೊರಬರುತ್ತದೆ.

ತಂತಿಯ ಕಷ್ಟ ಎಲ್ಲರಿಗೂ ಗೊತ್ತು. ಫೋನ್ ಅಲ್ಲೇ ಕಟ್ಟಿಹಾಕಿದ ಹಾಗೆ. ಮನೆಯಲ್ಲಿ ಬಳಸದೆ ಬಿದ್ದಿರುವ ಹಳೆ ಐಫೋನೋ ಐಪ್ಯಾಡೋ ಇದ್ದರೆ ಅದನ್ನೇ ಆಂಪ್ಲಿಫೈಯರ್ ಮೇಲೆ ಕಾಯಂ ಕೂರಿಸಿಬಿಡಿ. ನನ್ನ ಮಟ್ಟಿಗೆ ಆಪಲ್ ಮ್ಯೂಸಿಕ್‌ನವರಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಕನೆಕ್ಟ್ ಮತ್ತು ಕಾಸ್ಟ್: ಡಬ್ಬವೇ ಎಳೆದುಕೊಳ್ಳುವ ದಾರಿ

ಸ್ಪಾಟಿಫೈ ಕನೆಕ್ಟ್‌ನಲ್ಲಿ ಫೋನ್ ಬರೀ ರಿಮೋಟ್. ನೀವು ಹಾಡು ಆರಿಸುತ್ತೀರಿ, ಡಬ್ಬ ಸರ್ವರ್‌ನಿಂದ ತಾನೇ ತಂದುಕೊಳ್ಳುತ್ತದೆ. ಫೋನ್ ಆಫ್ ಮಾಡಿದರೂ ಹಾಡು ನಿಲ್ಲುವುದಿಲ್ಲ, ಕರೆ ಬಂದರೂ ನಿಲ್ಲುವುದಿಲ್ಲ. ಮನೆ ಮಂದಿಯೆಲ್ಲ ಬಳಸುವ ಹಾಲ್ ಸಿಸ್ಟಂಗೆ ನಾನು ಮೊದಲು ಹೇಳುವ ದಾರಿ ಇದೇ. ಕೊಳ್ಳುವ ಮುಂಚೆ ಒಂದು ವಿಷಯ ನೋಡಿ. ಕನೆಕ್ಟ್ ಇದೆ ಅಂದ ಮಾತ್ರಕ್ಕೆ ಕನೆಕ್ಟ್‌ನಲ್ಲಿ ಲಾಸ್‌ಲೆಸ್ ಇದೆ ಅಂತಲ್ಲ. ಆ ಡಬ್ಬದ ಕಂಪನಿ ಫರ್ಮ್‌ವೇರ್‌ನಲ್ಲಿ ಅದನ್ನು ಕೊಟ್ಟಿರಬೇಕು. ಹಳೆ ಆಂಪ್ಲಿಫೈಯರ್‌ಗಳ ಒಳಗೇ ಇರುವ ಕನೆಕ್ಟ್ ಹಲವು ಕಡೆ ಹಳೆ ಕಾಲದ 320ರಲ್ಲೇ ನಿಂತಿದೆ. ಹಾಡುತ್ತಿರುವಾಗ ಸ್ಪಾಟಿಫೈ ಪರದೆಯಲ್ಲಿ ಲಾಸ್‌ಲೆಸ್ ಅಂತ ಬಂದರೆ ಮಾತ್ರ ನಂಬಿ.

ಗೂಗಲ್ ಕಾಸ್ಟ್ ಕೂಡ ಇದೇ ಜಾತಿ. ಫ್ಲ್ಯಾಕ್ 24 ಬಿಟ್, 96 ಕಿಲೋಹರ್ಟ್ಜ್‌ವರೆಗೆ ತಗೊಳ್ಳುತ್ತದೆ. 2015ರಲ್ಲಿ ಬಂದ ದುಂಡನೆಯ ಕ್ರೋಮ್‌ಕಾಸ್ಟ್ ಆಡಿಯೋ ಇದಕ್ಕೆ ಹೇಳಿ ಮಾಡಿಸಿದ ಡಬ್ಬವಾಗಿತ್ತು, 2019ರಲ್ಲಿ ನಿಲ್ಲಿಸಿಬಿಟ್ಟರು. ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಸಿಗುತ್ತದೆ. ಆದರೆ 2025ರ ಮಾರ್ಚ್‌ನಲ್ಲಿ ಅದರೊಳಗಿನ ಸರ್ಟಿಫಿಕೇಟ್ ಅವಧಿ ಮುಗಿದು ಪ್ರಪಂಚದಾದ್ಯಂತ ಆ ಡಬ್ಬಗಳು ಕೆಲ ದಿನ ಸುಮ್ನೆ ಕೂತವು. ಗೂಗಲ್ ಅಪ್‌ಡೇಟ್ ಕಳಿಸಿ ಎಬ್ಬಿಸಿತು. ಮುಂದಿನ ಸಲ ಎಬ್ಬಿಸುತ್ತದೆ ಅಂತ ನಾನು ದುಡ್ಡು ಹಾಕುವುದಿಲ್ಲ.

ಹೀಗೆ ತಾನೇ ಹಾಡು ಎಳೆದುಕೊಳ್ಳುವ ಡಬ್ಬಕ್ಕೆ ಸ್ಟ್ರೀಮರ್ ಅನ್ನುತ್ತಾರೆ. ಹೊಸದಾಗಿ ಕೊಳ್ಳುವವರಿಗೆ ವೀಮ್ ಕಂಪನಿಯ ಸ್ಟ್ರೀಮರ್ ಹೆಸರು ಎಲ್ಲ ಕಡೆ ಕೇಳಿಬರುತ್ತದೆ. ಅದರಲ್ಲೇ ಎಷ್ಟು ವ್ಯತ್ಯಾಸ ನೋಡಿ. ವೀಮ್ ಮಿನಿಯಲ್ಲಿ ಲ್ಯಾನ್ (ರೌಟರ್‌ನಿಂದ ತಂತಿ ಎಳೆಯುವ) ತೂತಿಲ್ಲ, ಕಾಸ್ಟ್ ಇಲ್ಲ. ವೀಮ್ ಪ್ರೊದಲ್ಲಿ ಲ್ಯಾನ್, ಕಾಸ್ಟ್, ಏರ್‌ಪ್ಲೇ 2 ಮೂರೂ ಇವೆ. ಅದಕ್ಕಿಂತ ದೊಡ್ಡದು, ದುಬಾರಿಯದು ವೀಮ್ ಅಲ್ಟ್ರಾ, ಅದರಲ್ಲಿ ಏರ್‌ಪ್ಲೇ ಇಲ್ಲ. ದುಡ್ಡು ಜಾಸ್ತಿ ಕೊಟ್ಟರೆ ಎಲ್ಲವೂ ಬರುತ್ತದೆ ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿಮ್ಮ ಆಪ್ ಯಾವುದು, ಫೋನ್ ಯಾವುದು ಅಂತ ಮೊದಲು ಬರೆದಿಟ್ಟುಕೊಂಡು ಆಮೇಲೆ ಮಾಡೆಲ್ ನೋಡಿ.

ನಿಮ್ಮದೇ ಸಿಡಿ, ನಿಮ್ಮದೇ ಫೈಲು

ಅಟ್ಟದ ಮೇಲೆ ಹಳೆ ಆಡಿಯೋ ಸಿಡಿಗಳ ಡಬ್ಬ ಇದೆಯಾ? ಅದೇ ಅಸಲಿ ಲಾಸ್‌ಲೆಸ್, ತಿಂಗಳ ಬಾಡಿಗೆ ಇಲ್ಲದ್ದು. ಒಂದು ಯುಎಸ್‌ಬಿ ಸಿಡಿ ಡ್ರೈವ್, ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಉಚಿತ ಸಾಫ್ಟ್‌ವೇರ್ ಇದ್ದರೆ ಫ್ಲ್ಯಾಕ್ ಮಾಡಿಕೊಳ್ಳಬಹುದು. ಬಸ್‌ಸ್ಟ್ಯಾಂಡ್ ಹತ್ತಿರ ಮಾರುತ್ತಿದ್ದ "ನೂರು ಹಾಡು ಒಂದೇ ಸಿಡಿ" ಇದೆಯಲ್ಲ, ಅದನ್ನು ಮುಟ್ಟಬೇಡಿ. ಅದು ಎಂಪಿ3. ಫ್ಲ್ಯಾಕ್‌ಗೆ ಬದಲಿಸಿದರೆ ಫೈಲ್ ದಪ್ಪ ಆಗುತ್ತದೆ, ಹಾಡು ಅದೇ. ಯಾರಾದರೂ ಪೆನ್‌ಡ್ರೈವ್‌ನಲ್ಲಿ ಫ್ಲ್ಯಾಕ್ ಅಂತ ಕೊಟ್ಟರೆ ಸ್ಪೆಕ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. 16 ಕಿಲೋಹರ್ಟ್ಜ್ ಹತ್ತಿರ ಚಾಕುವಿನಲ್ಲಿ ಕೊಯ್ದ ಹಾಗೆ ಬಣ್ಣ ನಿಂತುಹೋಗಿದ್ದರೆ, ಅದು ವೇಷ ಹಾಕಿದ 128 ಕಿಲೋಬಿಟ್ ಎಂಪಿ3 ಆಗಿರುವ ಸಾಧ್ಯತೆಯೇ ಜಾಸ್ತಿ.

ಈ ಫೈಲ್‌ಗಳನ್ನು ಎಲ್ಲ ಕೋಣೆಗೂ ಕೊಡಲು ನನಗೆ ಇಷ್ಟವಾದದ್ದು ಲಿರಿಯಾನ್ ಮ್ಯೂಸಿಕ್ ಸರ್ವರ್. ಹಿಂದೆ ಲಾಜಿಟೆಕ್ ಮೀಡಿಯಾ ಸರ್ವರ್ ಅಂತಿದ್ದದ್ದೇ ಇದು. ಉಚಿತ. ಹಳೆ ಲ್ಯಾಪ್‌ಟಾಪ್‌ನಲ್ಲಿ ಹಾಕಿಟ್ಟು, ಒಂದೊಂದು ಕೋಣೆಗೆ ಒಂದೊಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಟ್ಟರೆ ಎಲ್ಲವೂ ಒಂದೇ ತಾಳಕ್ಕೆ ಹಾಡುತ್ತವೆ. ಪೈಗೆ ಸಾಫ್ಟ್‌ವೇರ್ ಆರಿಸುವಾಗ ನಮ್ಮ ಕರೆಂಟ್ ನೆನಪಿರಲಿ. ಮೂಡ್, ವೊಲ್ಯುಮಿಯೋ ನೋಡಲು ಚೆಂದ, ಆದರೆ ಹಾಡುತ್ತಿರುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುವ ಭಯ ಇದ್ದೇ ಇರುತ್ತದೆ. ಪೈಕೋರ್‌ಪ್ಲೇಯರ್ ಎಲ್ಲವನ್ನೂ ರ‍್ಯಾಮ್‌ಗೆ ಎತ್ತಿಕೊಂಡು ಓಡುತ್ತದೆ. ಪ್ಲಗ್ ಕಿತ್ತರೂ ಕಾರ್ಡ್‌ಗೆ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಮನೆಗೆ ಇದೇ ಸರಿ.

ಪೈ ದಾರಿ ಕೈಯಾಡಿಸುವ ಹುಚ್ಚಿರುವವರಿಗೆ. ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ಮಗನೋ ತಮ್ಮನೋ ಇದ್ದರೆ ಒಂದು ಭಾನುವಾರದ ಕೆಲಸ. ಇಲ್ಲದಿದ್ದರೆ, ಅಪ್ಪ-ಅಮ್ಮ ಮಾತ್ರ ಇರುವ ಮನೆಗೆ ಇದನ್ನು ಹಾಕಿ ಬೆಂಗಳೂರಿಗೆ ಹೋಗಿಬಿಡಬೇಡಿ. ಪ್ರತಿ ವಾರ ಫೋನ್ ಬರುತ್ತದೆ.

ಅಸಲಿ ಕಷ್ಟ: ಗೋಡೆ ಮತ್ತು ಎರಡು ರೌಟರ್

ಚಿಕ್ಕಪೇಟೆಯ ಹಳೆ ಮನೆಗಳನ್ನು ನೋಡಿದ್ದೀರಲ್ಲ. ದಪ್ಪ ಗೋಡೆ, ಕಲ್ಲಿನ ಕಂಬ. ಹೊಸ ಮನೆಗಳಲ್ಲೂ ಕಾಂಕ್ರೀಟ್ ಮಹಡಿ. ಕೇಬಲ್‌ನವರು ಫೈಬರ್ ಎಳೆದು ತಮ್ಮ ಡಬ್ಬವನ್ನು ಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದು ಹೋಗಿರುತ್ತಾರೆ. ಅಲ್ಲಿಂದ ಹಿಂದಿನ ರೂಮಿಗೆ 5 ಗಿಗಾಹರ್ಟ್ಜ್ ತಲುಪುವುದಿಲ್ಲ. 2.4 ತಲುಪುತ್ತದೆ, ಆದರೆ ಅಕ್ಕಪಕ್ಕದ ಮನೆಯವರದ್ದೆಲ್ಲ ಅದೇ ದಾರಿಯಲ್ಲಿ. ಸಿಡಿ ಮಟ್ಟದ ಲಾಸ್‌ಲೆಸ್‌ಗೆ ಬೇಕಾಗಿರುವುದು ಸೆಕೆಂಡಿಗೆ 1 ಮೆಗಾಬಿಟ್ ಆಸುಪಾಸು. 24 ಬಿಟ್, 192 ಮಡಚದೆ ಹೋದರೂ 9.2 ಮೆಗಾಬಿಟ್. ನಿಮ್ಮ 100 ಮೆಗಾಬಿಟ್ ಪ್ಲಾನ್‌ಗೆ ಇದು ಏನೂ ಅಲ್ಲ. ಹಾಡು ನಿಲ್ಲುವುದು ವೇಗ ಸಾಲದೆ ಅಲ್ಲ, ಸಿಗ್ನಲ್ ಎಡವುವುದರಿಂದ. ಪ್ಲಾನ್ ಏರಿಸಿದರೆ ಪ್ರಯೋಜನವಿಲ್ಲ. ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ, ಗೋಡೆಗೆ ಪಿವಿಸಿ ಪಟ್ಟಿ ಹೊಡೆಸಿ. ಡ್ಯಾಕ್‌ಗೆ ಹಾಕುವ ದುಡ್ಡಿಗಿಂತ ಇದು ಮೊದಲು.

ಇನ್ನೊಂದು ರೋಗ, "ಆಪ್‌ನಲ್ಲಿ ಡಬ್ಬವೇ ಕಾಣ್ತಿಲ್ಲ" ಅನ್ನೋದು. ಸಿಗ್ನಲ್ ಚೆನ್ನಾಗಿರುತ್ತದೆ, ಇಂಟರ್ನೆಟ್ ಬರುತ್ತಿರುತ್ತದೆ, ಡಬ್ಬ ಮಾತ್ರ ಮಾಯ. ಫೋನಿನ ವೈಫೈ ವಿವರ ತೆರೆದು ಐಪಿ ಅಡ್ರೆಸ್ ನೋಡಿ. ಫೋನ್‌ನದು 192.168.1 ಅಂತ ಶುರುವಾಗಿ, ಡಬ್ಬದ್ದು 192.168.0 ಅಂತ ಇದೆಯಾ? ಹಾಗಿದ್ದರೆ ಮನೆಯಲ್ಲಿ ಎರಡು ರೌಟರ್ ಇವೆ, ಎರಡೂ ತಾನೇ ಯಜಮಾನ ಅಂದುಕೊಂಡಿವೆ. ಕೇಬಲ್‌ನವರ ಡಬ್ಬ ಒಂದು, ಸಿಗ್ನಲ್ ಸಾಲದು ಅಂತ ನೀವು ತಂದು ಹಾಕಿದ್ದು ಇನ್ನೊಂದು. ಏರ್‌ಪ್ಲೇ, ಕಾಸ್ಟ್ ಎರಡೂ ಒಂದೇ ಜಾಲದೊಳಗೆ "ಯಾರಿದ್ದೀರಿ" ಅಂತ ಕೂಗಿ ಹುಡುಕುವಂಥವು. ಆ ಕೂಗು ರೌಟರ್ ದಾಟುವುದಿಲ್ಲ. ಎರಡನೇ ರೌಟರ್‌ನ ಸೆಟ್ಟಿಂಗ್‌ಗೆ ಹೋಗಿ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ. ಗೆಸ್ಟ್ ವೈಫೈಗೆ ಡಬ್ಬ ಸೇರಿಸಿದ್ದರೂ ಇದೇ ಪಾಡು. ಒಂದೇ ವೈಫೈನಲ್ಲಿರುವವು ಒಂದನ್ನೊಂದು ಕಾಣದ ಹಾಗೆ ಮಾಡುವ ಎಪಿ ಐಸೊಲೇಷನ್ ಅನ್ನೋ ಆಯ್ಕೆ ರೌಟರ್‌ನಲ್ಲಿ ಆನ್ ಇದ್ದರೂ ಇದೇ.

ಕರೆಂಟ್ ಹೋಗಿ ಬಂದ ಮೇಲೆ ಡಬ್ಬ ಕಳೆದುಹೋಗುತ್ತದೆಯಾ? ರೌಟರ್ ಏಳುವುದಕ್ಕಿಂತ ಮೊದಲು ಡಬ್ಬ ಎದ್ದಿರುತ್ತದೆ, ಅಡ್ರೆಸ್ ಸಿಗದೆ ಪರದಾಡುತ್ತದೆ. ರೌಟರನ್ನೂ ಕೇಬಲ್‌ನವರ ಡಬ್ಬವನ್ನೂ ಯುಪಿಎಸ್ ಲೈನ್‌ಗೆ ಹಾಕಿ. ರೌಟರ್‌ನಲ್ಲಿ ಹಾಡಿನ ಡಬ್ಬಕ್ಕೆ ಒಂದು ಅಡ್ರೆಸ್ ಕಾಯಂ ಮಾಡಿಡಿ.

ಡಬ್ಬದಿಂದ ಆಂಪ್ಲಿಫೈಯರ್‌ಗೆ

ಆಂಪ್ಲಿಫೈಯರ್‌ನಲ್ಲಿ ಆಪ್ಟಿಕಲ್ ಕೇಬಲ್‌ನ ತೂತು ಇದ್ದರೆ ಅದನ್ನೇ ಬಳಸಿ. 96 ಕಿಲೋಹರ್ಟ್ಜ್‌ವರೆಗೆ ನಿಶ್ಚಿಂತೆ. ದೊಡ್ಡ ಲಾಭ ಬೇರೆಯೇ ಇದೆ. ಅರ್ತಿಂಗ್ ಸರಿಯಿಲ್ಲದ ಮನೆಗಳಲ್ಲಿ ಆಕ್ಸ್ ಕೇಬಲ್ ಹಾಕಿದ ತಕ್ಷಣ "ಗುಂಯ್" ಅಂತ ಒಂದು ಸದ್ದು ಶುರುವಾಗುತ್ತದಲ್ಲ, ಅದು ಆಪ್ಟಿಕಲ್‌ನಲ್ಲಿ ದಾಟಿ ಬರುವುದಿಲ್ಲ. ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಹೊಸ ಕೇಬಲ್‌ನ ಎರಡೂ ತುದಿಗೆ ಚಿಕ್ಕ ಪಾರದರ್ಶಕ ಟೋಪಿ ಇರುತ್ತದೆ. ಅದನ್ನು ತೆಗೆಯದೆ ತುರುಕಿ, ತೂತು ಸಣ್ಣದು ಅಂತ ಒತ್ತಿ ಮುರಿದವರಿದ್ದಾರೆ. ಟೋಪಿ ತೆಗೆಯಿರಿ, ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಸರಿ.

ಟಿವಿಯ ಆಪ್‌ನಲ್ಲಿ ಹಾಡು ಹಾಕಿ ಟಿವಿಯ ಆಪ್ಟಿಕಲ್‌ನಿಂದ ಆಂಪ್ಲಿಫೈಯರ್‌ಗೆ ಕೊಡುವವರಿಗೆ: ಹಾಡು ಬರುತ್ತದೆ, ಆದರೆ ಟಿವಿ ಸಾಮಾನ್ಯವಾಗಿ ಎಲ್ಲವನ್ನೂ 48ಕ್ಕೆ ಬದಲಿಸುತ್ತದೆ. ಸದ್ದೇ ಬರದಿದ್ದರೆ ಟಿವಿಯ ಸೌಂಡ್ ಔಟ್‌ಪುಟ್‌ನಲ್ಲಿ ಪಿಸಿಎಂ ಆರಿಸಿ.

ಎರಡನೇ ಕೋಣೆ

ಒಂದು ಕೋಣೆ ಸರಿಹೋದ ಮೇಲೆ ಎಲ್ಲ ಕೋಣೆಗೂ ಬೇಕು ಅನ್ನಿಸುತ್ತದೆ. ಒಟ್ಟಿಗೆ ಹಾಡಬೇಕಾದ ಡಬ್ಬಗಳೆಲ್ಲ ಒಂದೇ ಕುಲದವಾಗಿರಬೇಕು. ವೀಮ್ ಜೊತೆ ವೀಮ್, ಕಾಸ್ಟ್ ಜೊತೆ ಕಾಸ್ಟ್, ಲಿರಿಯಾನ್ ಜೊತೆ ಲಿರಿಯಾನ್. ಹಾಲ್‌ನಲ್ಲೊಂದು ಕಂಪನಿ, ಮಹಡಿಯಲ್ಲೊಂದು ಕಂಪನಿ ಅಂತ ಆಫರ್ ನೋಡಿ ತಂದರೆ ಆಮೇಲೆ ಅವನ್ನು ಸೇರಿಸಲು ಏರ್‌ಪ್ಲೇಗೆ ವಾಪಸ್ ಬರಬೇಕಾಗುತ್ತದೆ, ಲಾಸ್‌ಲೆಸ್ ಗ್ಯಾರಂಟಿ ಹೋಯಿತು.

ನನ್ನನ್ನು ಕೇಳಿದರೆ ಹೀಗೆ. ಒಬ್ಬರೇ ಕೇಳುವವರು, ಐಫೋನ್, ಆಪಲ್ ಮ್ಯೂಸಿಕ್ ಇದ್ದರೆ ತಂತಿ. ಮನೆ ಮಂದಿಯೆಲ್ಲ ಬಳಸುವ ಹಾಲ್‌ಗೆ ಸ್ಪಾಟಿಫೈ ಪ್ಲಾಟಿನಂ, ಲ್ಯಾನ್ ಇರುವ ಸ್ಟ್ರೀಮರ್, ಆಪ್ಟಿಕಲ್. ಸಿಡಿ ರಾಶಿ ಇರುವವರಿಗೆ ಲಿರಿಯಾನ್ ಮತ್ತು ಪೈಕೋರ್‌ಪ್ಲೇಯರ್. ಅಡುಗೆಮನೆಗೆ ಈಗಿರುವುದೇ ಇರಲಿ.

ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಅವಧಿಯೊಳಗೆ ಮೂರು ಪರೀಕ್ಷೆ ಮಾಡಿ. 44.1ರ ಒಂದು ಹಾಡು, ಆಮೇಲೆ 96ರ ಒಂದು ಹಾಡು ಹಾಕಿ, ಡ್ಯಾಕ್‌ನಲ್ಲೋ ಡಬ್ಬದ ಆಪ್‌ನಲ್ಲೋ ಅಂಕಿ ಬದಲಾಗುತ್ತದಾ ನೋಡಿ. ಸ್ಪಾಟಿಫೈ ಮಾತ್ರ ಇರುವವರಿಗೆ ಈ 96ರ ಹಾಡು ಬೇಕಿಲ್ಲ. ಹಾಡು ಓಡುತ್ತಿರುವಾಗ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನಿಲ್ಲದಿದ್ದರೆ ಡಬ್ಬವೇ ಎಳೆದುಕೊಳ್ಳುತ್ತಿದೆ ಅಂತ. ಕೊನೆಗೆ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ, ಯಾರೂ ಮುಟ್ಟದೆ ಡಬ್ಬ ಮತ್ತೆ ಆಪ್‌ನಲ್ಲಿ ಕಾಣಿಸುತ್ತದಾ ನೋಡಿ. ಮೂರನೆಯದರಲ್ಲಿ ಸೋತ ಡಬ್ಬವನ್ನು, ಸದ್ದು ಎಷ್ಟೇ ಚೆನ್ನಾಗಿರಲಿ, ವಾಪಸ್ ಕಳಿಸಿ.